ಹನ್ನೆರಡನೆಯ ಚೀಟಿ

ಎಂಟನೇ ತರಗತಿಯ ಮಕ್ಕಳು ಸ್ವಂತ ಬುದ್ಧಿಯಿಂದ ಯೋಚಿಸಬೇಕೆಂದು ತೀರ್ಮಾನವಾದ ಮೇಲೆ, ಏನು ಯೋಚಿಸಬೇಕೆಂಬುದನ್ನು ಹೆಡ್‌ಮಿಸ್ ಜಯಲಕ್ಷ್ಮೀಯವರು ಹನ್ನೆರಡು ಚೀಟಿಗಳಲ್ಲಿ ಬರೆದು ಉಪೇಂದ್ರನ ಕೈಗಿತ್ತರು.

"ಹನ್ನೆರಡು ಮಕ್ಕಳಿಗೆ ಕೊಟ್ಟು ಉರು ಹೊಡೆಸಿ ಸಾರ್. ಕೇಳೋವಾಗ ಮಾತ್ರ ಆಗ ತಾನೇ ಹೊಳೆದ ಹಾಗೆ ಮುಖ ಮಾಡ್ಬೇಕು, ಸರಿಯಾ?"

ತಮಿಳು ಸೀಮೆಯ ಅಣ್ಣಾ ನಗರದ ಆ ಶಾಲೆಯಲ್ಲಿ ಉಪೇಂದ್ರ ಮೂರು ವರ್ಷದಿಂದ ಸಮಾಜ ಪಾಠದ ತಾತ್ಕಾಲಿಕ ಮೇಷ್ಟ್ರು. ಗೋಡೆಯಲ್ಲಿದ್ದ ಸ್ಮಾರ್ಟ್ ಬೋರ್ಡೂ ತಾತ್ಕಾಲಿಕವೇ, ಒಂದು ತಿಂಗಳು ಪರೀಕ್ಷಿಸಿ ನೋಡಲು ಬಂದದ್ದು. ಹತ್ತು ಗಂಟೆಗೆ ಶಾಲೆಯ ಮಾಲೀಕರಾದ ಕರೆಸ್ಪಾಂಡೆಂಟ್ ಕೃಷ್ಣಮೂರ್ತಿಯವರು ಪೋಷಕರೊಂದಿಗೆ ಬಂದು ಪಾಠ ನೋಡುವವರಿದ್ದರು. ಮೆಚ್ಚಿಕೊಂಡರೆ ಉಪೇಂದ್ರನ ಕೆಲಸ ಕಾಯಂ. ಆದೇಶ ಟೈಪಾಗಿ ಅವರ ಫೈಲಿನಲ್ಲಿತ್ತು, ಸಹಿಯೊಂದೇ ಬಾಕಿ.

ಬೆಳಗ್ಗೆ ಮಕ್ಕಳು ಮಗ್ಗಿ ಒಪ್ಪಿಸುವಂತೆ ಅನುಮಾನಗಳನ್ನು ಒಪ್ಪಿಸಿದಾಗ ಉಪೇಂದ್ರನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹನ್ನೆರಡನೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮುಂದಿನ ಬೆಂಚಿನ ಪ್ರಣಮ್ಯಾಗೆ, "ನಿನಗೆ ಚೀಟಿ ಇಲ್ಲಮ್ಮ. ನಿಜವಾಗಿ ಏನನ್ನಿಸುತ್ತೋ ಅದನ್ನೇ ಕೇಳು" ಎಂದ. ಮೂರು ವರ್ಷದಲ್ಲಿ ಅವನು ಮಾಡಿದ ಒಂದೇ ಒಂದು ಪಾಠ ಅದು.

ಹತ್ತಕ್ಕೆ ಸವಾರಿ ಬಂತು. ಮೊದಲು ಮಕ್ಕಳ ಜೀವನದ ಗುರಿಗಳು ಬೋರ್ಡಿನಲ್ಲಿ ಮೂಡಬೇಕಿತ್ತು. ಒಂದೇ ಮಾದರಿಯನ್ನು ನಲವತ್ತು ಟ್ಯಾಬಿಗೂ ತುಂಬಿಸಿದ್ದವರು ಕಂಪ್ಯೂಟರ್ ಮೇಷ್ಟ್ರು ಕೃಷ್ಣರಾಜ. ಪರದೆ ಬೆಳಗಿತು: "ನಾನು, ನಿಮ್ಮ ಹೆಸರನ್ನು ಇಲ್ಲಿ ಬರೆಯಿರಿ, ಕಲೆಕ್ಟರ್ ಆಗುವೆನು." ಹೀಗೆ ನಲವತ್ತು ಸಲ.

"ಎಲ್ರೂ ಕಲೆಕ್ಟರ್! ಪರವಾಯಿಲ್ಲೆ, ಪರವಾಯಿಲ್ಲೆ" ಎಂದರು ಕರೆಸ್ಪಾಂಡೆಂಟ್. ಪೋಷಕರು ಫೋಟೊ ಹೊಡೆದುಕೊಂಡರು. ಒಬ್ಬರೂ ಪೂರ್ತಿ ಓದಲಿಲ್ಲ.

ಪಾಠ ಶುರುವಾಯಿತು. ಚೋಳರ ಕೆರೆಗಳ ಚಿತ್ರ ಬರುವ ಮೊದಲೇ ವರುಣ್ ಎದ್ದು, "ಹಾಗಾದರೆ ಆ ಕೆರೆಗಳು ಏಕೆ ಬತ್ತಿದವು?" ಎಂದು ಅಚ್ಚರಿಪಟ್ಟ. ತೇಜು ಇನ್ನೂ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಕುಳಿತ. ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ ಉಪೇಂದ್ರ ಕರವಸ್ತ್ರದ ಜೊತೆ ಚೀಟಿಯನ್ನೂ ಎಳೆದ. ನೆಲಕ್ಕೆ ಬಿದ್ದ ಅದರ ಮೇಲೆ ಹೆಡ್‌ಮಿಸ್ ಥಟ್ಟನೆ ಚಪ್ಪಲಿ ಇಟ್ಟು ನಿಂತರು. ಪಾಠ ಮುಗಿಯುವವರೆಗೆ ಕಾಲು ತೆಗೆಯಲಿಲ್ಲ.

ಆಗ ಪ್ರಣಮ್ಯಾ ಕೈ ಎತ್ತಿದಳು.

"ಸಾರ್, ಪಾಠ ಬೋರ್ಡಲ್ಲೇ ಇದೆ, ಆನ್ಸರೂ ಅದ್ರಲ್ಲೇ ಬರತ್ತೆ. ಅಪ್ಪುರಂ ನೀವು ಎದಕ್ಕು ಸಾರ್, ನೀವ್ಯಾಕೆ ಬೇಕು?"

ಉಪೇಂದ್ರ ಬಾಯಿ ತೆರೆದ. ಅವನಿಗೆ ಯಾರೂ ಉತ್ತರ ಬರೆದುಕೊಟ್ಟಿರಲಿಲ್ಲ. ಕರೆಸ್ಪಾಂಡೆಂಟ್ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ಇದಪ್ಪಾ ಸ್ವಂತ ಯೋಚನೆ ಅಂದ್ರೆ! ಯಾರು ಕಲಿಸಿದ್ದು?"

"ನಾನೇ ಸಾರ್" ಎಂದರು ಹೆಡ್‌ಮಿಸ್, ಕಾಲು ಕದಲಿಸದೆ.

ಮಧ್ಯಾಹ್ನ ಕರೆಸ್ಪಾಂಡೆಂಟ್ ಉಪೇಂದ್ರನನ್ನು ಕೋಣೆಗೆ ಕರೆಸಿದರು. ಫೈಲಿನಲ್ಲಿದ್ದ ಒಂದು ಕಾಗದಕ್ಕೆ ಉದ್ದನೆಯ ಸಹಿ ಹಾಕಿದರು. ಉಪೇಂದ್ರನ ಕಣ್ಣು ತುಂಬಿ ಬಂತು.

"ಬೋರ್ಡನ್ನ ಕಾಯಂ ಮಾಡ್ಬಿಟ್ಟೆ" ಎಂದರು ಅವರು. "ಆ ಹುಡುಗಿ ಕೇಳಿದ್ದು ಬಹಳ ಸರಿ ಕಣ್ರೀ. ನಂಗೆ ಇಷ್ಟು ದಿನ ಹೊಳೆದೇ ಇರ್ಲಿಲ್ಲ."

"ಮತ್ತೆ ನಾನು, ಸಾರ್?"

"ಅಯ್ಯೋ, ನಮ್ಮೋರು ನೀವು, ಕೈ ಬಿಡ್ತೀನಾ? ತಾತ್ಕಾಲಿಕವಾಗೇ ಇರಿ. ತಿಂಗಳಿಗೊಂದು ದಿನ ಏರಿಯಾದಲ್ಲಿ ಕರೆಂಟ್ ತೆಗೀತಾರಲ್ಲ, ಅವತ್ತು ನೀವೇ ಬೇಕು."