ಮಗಳು ಭೂಗೋಳ ತಗೊಂಡಳು

ಹತ್ತನೇ ತರಗತಿ ಮುಗಿಸಿದ ಮಗಳು ಮನೆಯಲ್ಲಿದ್ದರೆ ನಗುವ ಪ್ರಸಂಗಗಳು ತಾವಾಗಿಯೇ ಬಾಗಿಲು ತಟ್ಟುತ್ತವೆ. ಆಗ ನಗಲು ಪುರಸೊತ್ತಿರುವುದಿಲ್ಲ, ಅಷ್ಟೇ. ಈಗ ಎಲ್ಲ ಮುಗಿದು ಕಾಲೇಜು ಶುರುವಾಗಿದೆ. ಹಾಗಾಗಿ ಹೇಳಬಹುದು.

ನಾವು ಧಾರವಾಡದ ಕಡೆಯವರು. ನಮ್ಮ ಮನೆಯವರು ವಾಯುಸೇನೆಯಲ್ಲಿ ಎಂಜಿನ್ ರಿಪೇರಿ ಮಾಡುವವರು. ವರ್ಗವಾಗಿ ನಾಗಪುರಕ್ಕೆ ಬಂದೆವು. ನಾನು ಧರಮಪೇಠದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಒಬ್ಬಳೇ ಮಗಳು. ಪರೀಕ್ಷೆ ಮುಗಿದ ದಿನ ಊಟಕ್ಕೆ ಕೂತಾಗ ಅವಳು ಹೇಳಿದಳು:

"ಹನ್ನೊಂದನೇದಾಗ ನಾ ಗಣಿತದ ಜೋಡಿ ಭೂಗೋಳ ತಗೋತೀನಿ. ಬಯಾಲಜಿ ಬ್ಯಾಡ."

ಮಳೆ ನೀರು ಯಾವ ಓಣಿಗೆ ನುಗ್ಗುತ್ತದೆ, ಯಾಕೆ ನುಗ್ಗುತ್ತದೆ ಎಂದು ಮೊದಲೇ ಹೇಳುವ ನಕ್ಷೆ ಮಾಡಬೇಕು ಅನ್ನುವುದು ಅವಳ ಆಸೆ. ಅವರಪ್ಪ ಕೈಯಲ್ಲಿದ್ದ ಚಪಾತಿ ತಾಟಿಗಿಟ್ಟರು.

"ಬಯಾಲಜಿ ಬಿಟ್ರ ಡಾಕ್ಟರ್ ಆಗೋ ದಾರೀನ ಬಂದ್ ಆಗ್ತೈತಿ, ಗೊತ್ತೈತೇನು?"

"ಗೊತ್ತೈತಿ ಪಪ್ಪಾ. ಅದಕ್ಕ ಬಿಡಾಕತ್ತೀನಿ," ಅಂದಳು. ಅಂದು, ಅವರು ಕೆಳಗಿಟ್ಟ ಚಪಾತಿಯನ್ನೇ ಎತ್ತಿಕೊಂಡು ತಿಂದಳು.

ಭುಜ ನೋವಿನವರ ಸಲಹೆ

ನನ್ನ ಕ್ಲಿನಿಕ್ಕಿಗೆ ಬರುವವರೆಲ್ಲ ಮಲಗಿಕೊಂಡೇ ಮಾತಾಡುವವರು. ನೋವು ಮರೆಯಲು ಅವರಿಗೊಂದು ವಿಷಯ ಬೇಕು. ಆ ತಿಂಗಳಿಡೀ ನನ್ನ ಮಗಳೇ ಅವರ ವಿಷಯವಾದಳು.

ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬರುತ್ತಿದ್ದರು. ಭುಜ ಹಿಡಿದುಕೊಂಡು ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿ. ಒಂದು ದಿನ ಅವರ ಕೈ ಹಿಡಿದು ಮೆಲ್ಲಗೆ ಮೇಲೆತ್ತುತ್ತಿದ್ದೆ. ಅವರು ಮರಾಠಿಯಲ್ಲಿ ಶುರು ಮಾಡಿದರು.

"ಮ್ಯಾಡಮ್, ಭೂಗೋಳ ಓದಿ ಯಾರೂ ಮುಂದೆ ಬಂದದ್ದು ನಾನು ನೋಡಿಲ್ಲ."

ಕೈಯನ್ನು ಸ್ವಲ್ಪ ಮೇಲೆತ್ತಿದೆ.

"ಹುಡುಗೀರು ಹಟ ಮಾಡ್ತಾರೆ. ದೊಡ್ಡವರು ಕಿವಿಗೆ ಹಾಕ್ಕೋಬಾರದು."

ಇನ್ನೂ ಸ್ವಲ್ಪ ಎತ್ತಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಭೂಗೋಳ ಅಂದರೆ ಕೊನೆಗೆ…"

ಇನ್ನೂ ಸ್ವಲ್ಪ.

"…ಕೊನೆಗೆ ಭೂಗೋಳವೂ ಬರೋಬರ್, ಸರಿಯೇ," ಅಂದರು ಹಲ್ಲು ಕಚ್ಚಿಕೊಂಡು.

ಆ ದಿನ ಅವರ ಕೈ ಕಿವಿ ದಾಟಿ ಮೇಲೆ ಹೋಯಿತು. ನಮ್ಮ ದೊಡ್ಡ ಡಾಕ್ಟರು ನೋಡಿ ಬೆರಗಾದರು. "ಇಷ್ಟು ಜಲ್ದಿ ಹೇಗೆ? ಯಾವ ಹೊಸ ವ್ಯಾಯಾಮ ಕೊಟ್ಟಿರಿ?" ಎಂದು ಕೇಳಿದರು.

"ಮಗಳ ಅಡ್ಮಿಷನ್," ಅಂದೆ.

ಕಂಪ್ಯೂಟರ್ ಹೇಳಿದ ಭವಿಷ್ಯ

ನಮ್ಮ ಮನೆಯವರು ಅಷ್ಟಕ್ಕೆ ಬಿಡುವವರಲ್ಲ. ಮಕ್ಕಳಿಗೆ ಯಾವ ವಿಷಯ ಹೊಂದುತ್ತದೆ ಎಂದು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿ ಹೇಳುವವರೊಬ್ಬರನ್ನು ಹುಡುಕಿದರು. ನಾವು ಮೂವರೂ ಹೋದೆವು. ಮಗಳನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಪಕ್ಕದ ಕಂಪ್ಯೂಟರು ಖಾಲಿ ಇತ್ತು. "ತಂದೆಯವರೂ ಬರೆಯಿರಿ, ಮಗಳಿಗೆ ಧೈರ್ಯ ಬರುತ್ತೆ," ಅಂದರು ಆ ಸಲಹೆಗಾರರು. ಇವರು ಕಾಲರು ಸರಿಮಾಡಿಕೊಂಡು ಕೂತೇಬಿಟ್ಟರು.

ಮಗಳದು ಬೇಗ ಮುಗಿಯಿತು. ಇವರು ಮಾತ್ರ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ, ಉಸಿರು ಬಿಟ್ಟು, ಉತ್ತರ ಒತ್ತುತ್ತಿದ್ದರು.

ಫಲಿತಾಂಶ ಬಂತು. ಮಗಳಿಗೆ ವೈದ್ಯಕೀಯ ತುಂಬಾ ಹೊಂದುತ್ತದಂತೆ. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಮೇಲೆ ಸಲಹೆಗಾರರು ಇವರದನ್ನು ಓದಿದರು: ಯಂತ್ರಗಳ ಕಡೆ ಒಲವು ಬಹಳ ಕಡಿಮೆ, ಎಂಜಿನ್ನಿಗೆ ಸಂಬಂಧಿಸಿದ ಕೆಲಸದಿಂದ ದೂರ ಇರುವುದು ಒಳ್ಳೆಯದು, ಚಿಕ್ಕ ಮಕ್ಕಳ ಬಾಲವಾಡಿಯಲ್ಲಿ ಉತ್ತಮ ಭವಿಷ್ಯವಿದೆ.

ಇಷ್ಟು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ. ಮುಖ ಕೆಂಪಾಯಿತು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುತ್ತ, "ಸುಳ್ಳ ಪರೀಕ್ಷಾ ಇದು. ಇದಕ್ಕ ಏನೂ ತಿಳಿಯಂಗಿಲ್ಲ," ಅಂದರು.

"ಹೌದು ಪಪ್ಪಾ. ನಿಮ್ದು ಸುಳ್ಳಾದ್ರ ನಂದೂ ಸುಳ್ಳು," ಅಂದಳು ಮಗಳು, ಬೆಲ್ಟು ಹಾಕಿಕೊಳ್ಳುತ್ತ.

ಇವರು ಕಾರು ಶುರು ಮಾಡಿದರು. ಅದು ಒಂದೇ ಸಲಕ್ಕೆ ಶುರುವಾಗಲಿಲ್ಲ. ಹಿಂದೆ ಕೂತ ನಾವಿಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಅಜ್ಜಿಗೆ ಕೇಳಿಸಿದ್ದು

ಕಡೆಯ ಅಸ್ತ್ರವೆಂದು ಇವರು ಧಾರವಾಡಕ್ಕೆ ಫೋನು ಮಾಡಿ ತಮ್ಮ ತಾಯಿಯನ್ನು ಹಿಡಿದರು. ಅಜ್ಜಿ ಹೇಳಿದರೆ ಮೊಮ್ಮಗಳು ಕೇಳುತ್ತಾಳೆ ಎಂಬ ನಂಬಿಕೆ. ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ. ಆ ದಿನ ಫೋನಿನ ಸಿಗ್ನಲ್ಲೂ ಮಂದವಾಗಿತ್ತು.

"ಏನ್ ತಗೋತೀಯವ್ವಾ ಮುಂದ?" ಎಂದು ಅಜ್ಜಿ ಕೇಳಿದರು.

"ಭೂಗೋಳ, ಅಜ್ಜಿ," ಅಂದಳು. ಅರ್ಧ ಮಾತು ಗಾಳಿಗೆ ಹೋಯಿತು.

"ಗೋಳಾ? ಇಷ್ಟ ಸಣ್ಣಾಕಿ, ನಿಂಗ್ಯಾಕವ್ವಾ ಗೋಳು?"

"ಗೋಳಲ್ಲ ಅಜ್ಜಿ. ಭೂ… ಗೋಳ. ಎರಡು ವರ್ಷ ಅದನ್ನ ಓದ್ತೀನಿ. ನಂಗ ಭಾಳ ಆವಡ್ತೈತಿ."

ನಮ್ಮ ಮಗಳಿಗೆ ಜೋರಾಗಿ ಮಾತಾಡುವಾಗ ಮರಾಠಿ ನುಗ್ಗುತ್ತದೆ. ಇಷ್ಟ ಅನ್ನುವ ಬದಲು 'ಆವಡ್ತೈತಿ' ಅಂದದ್ದು ಅಜ್ಜಿಗೆ 'ಅಳಸ್ತೈತಿ' ಎಂದು ಕೇಳಿಸಿತು.

ಕೂಡಲೇ ಅಜ್ಜಿಯ ದನಿ ಕಟ್ಟುನಿಟ್ಟಾಗಿ ಬಂತು: "ನನ್ನ ಮಗನ ಕೈಯಾಗ ಫೋನ್ ಕೊಡು."

ಇವರು ಗೆದ್ದೆನೆಂದು ಫೋನು ಹಿಡಿದರು. ಅತ್ತೆ ಒಂದೇ ಉಸಿರಿನಲ್ಲಿ, "ಎರಡ ವರ್ಷ ಅಳಸೂವಂಥಾದ್ದು ಆ ಕೂಸಿಗೆ ಏನ್ ಹಚ್ಚೀಯೋ? ಅದರ ಮನಸ್ಸಿಗೆ ಬಂದಿದ್ದು ಓದಾಕ ಬಿಡು," ಎಂದು ಬೈದು ಫೋನು ಇಟ್ಟರು.

ಕನ್ಹಾನ್ ನದಿಯ ದಂಡೆ

ಇಷ್ಟಾದರೂ ಇವರ ಹತ್ತಿರ ಒಂದು ವಾದ ಉಳಿದಿತ್ತು. "ಎಲ್ಲಾರ ಕೈಯಾಗ ಫೋನ್ ಐತಿ. ಈಗ ನಕ್ಷಾ ಓದೋರು ಯಾರಿಗೆ ಬೇಕು?"

ಆ ಭಾನುವಾರ ಕನ್ಹಾನ್ ಊರಿನಲ್ಲಿ ಇವರ ಸಹೋದ್ಯೋಗಿಯ ಗೃಹಪ್ರವೇಶ. ಅವರು ಬೀದರಿನ ಕಡೆಯವರು. ಕಾಮ್ಠಿ ದಾಟುವವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಫೋನು ಹತ್ತಿರದ ದಾರಿ ಎಂದು ಒಂದು ಮಣ್ಣಿನ ರಸ್ತೆಗೆ ತಿರುಗಿಸಿತು.

"ಪಪ್ಪಾ, ಊರು ನದಿ ಆಚಿಗೈತಿ. ನಾವಿನ್ನೂ ಸೇತುವೆ ದಾಟಿಲ್ಲ," ಅಂದಳು ಮಗಳು.

"ಫೋನಿಗೆ ನಿನಗಿಂತ ಹೆಚ್ಚು ಗೊತ್ತೈತಿ."

ರಸ್ತೆ ಕಾಲುದಾರಿಯಾಯಿತು, ಕಾಲುದಾರಿ ಮರಳಾಯಿತು. ಕಾರು ನಿಂತಿತು. ಎದುರಿಗೆ ಎಮ್ಮೆಗಳು, ಅವುಗಳಾಚೆ ನೀರು. ಫೋನು ಹಿಂದಿಯಲ್ಲಿ ಬಹಳ ಸಮಾಧಾನದಿಂದ, ನೀವು ತಲುಪಬೇಕಾದ ಜಾಗ ತಲುಪಿದ್ದೀರಿ ಅಂದಿತು. ನದಿಯ ಆಚೆ ದಂಡೆಯಲ್ಲಿ ಹೊಸ ಮನೆ, ಹೂವಿನ ತೋರಣ, ಪೆಂಡಾಲು, ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಬೀದರಿನವರ ಫೋನು ಬಂತು.

"ನಿಮ್ಮ ಕಾರು ಕಾಣ್ಲಿಕತ್ತದ್ರಿ. ಅಲ್ಲೇ ಇರ್ರಿ, ನೀರಾಗ ಇಳಸಬ್ಯಾಡ್ರಿ."

ಮಗಳು ಕೆಳಗಿಳಿದು ಬಿಸಿಲು, ನದಿ, ರೈಲಿನ ಕಂಬಗಳ ಸಾಲು ನೋಡಿದಳು. ವಾಪಸ್ ಹತ್ತಿ, "ಹಿಂದಕ್ಕ ಹೋಗಿ ಬಲಕ್ಕ," ಅಂದಳು. ಊಟದ ಹೊತ್ತಿಗೆ ಸರಿಯಾಗಿ ತಲುಪಿಸಿದಳು. ಮನೆಗೆ ಬರುವಾಗ ಫೋನು ಮತ್ತೆ ಆ ಮಣ್ಣಿನ ರಸ್ತೆಗೇ ಕರೆಯುತ್ತ ಯೂ ಟರ್ನ್ ತಗೊಳ್ಳಿ, ಯೂ ಟರ್ನ್ ತಗೊಳ್ಳಿ ಅನ್ನುತ್ತಲೇ ಇತ್ತು. ಇವರು ಅದನ್ನು ಆರಿಸಿ ಜೇಬಿಗಿಟ್ಟು, ಕನ್ನಡಿಯಲ್ಲಿ ಮಗಳ ಮುಖ ನೋಡಿ ಕೇಳಿದರು: "ಆ ಭೂಗೋಳ ಯಾವ ಕಾಲೇಜಿನಾಗ ಸಿಗ್ತೈತಿ?"

ಯೂ ಟರ್ನ್ ಅಂದರೆ ಅದು.

ಹತ್ತು ಜನ ಬೇಕು

ಎಲ್ಲೂ ಸಿಗುತ್ತಿರಲಿಲ್ಲ. ಸೀಟು ಸಿಕ್ಕ ಕಾಲೇಜಿನ ಉಪಪ್ರಾಂಶುಪಾಲರು ಒಳ್ಳೆಯ ಹೆಂಗಸು. ಮರಾಠಿಯಲ್ಲಿ ತಾಳ್ಮೆಯಿಂದ ಹೇಳಿದರು. "ಗಣಿತದ ಜೊತೆ ಭೂಗೋಳ ನಿಯಮದಲ್ಲಿದೆ. ತಗೊಳ್ಳುವವರೇ ಇಲ್ಲ. ಹತ್ತು ಮಕ್ಕಳಾದರೂ ಬೇಕು."

"ಹತ್ತು ಜನ ಆದರೆ ಶುರು ಮಾಡ್ತೀರಾ?" ಎಂದು ಮಗಳು ಕೇಳಿದಳು.

"ಆದರೆ ನೋಡೋಣ," ಎಂದು ಅವರು ನಕ್ಕರು.

ಮರುದಿನ ಮಗಳು ಕಾಲೇಜಿನ ಗೇಟಿನಲ್ಲಿ ನಿಂತಳು. ಬಂದ ಹುಡುಗ ಹುಡುಗಿಯರನ್ನೆಲ್ಲ ಮಾತಾಡಿಸಿದಳು. ಬಹಳ ಮಂದಿ ಹುಚ್ಚಿಯೆಂಬಂತೆ ನೋಡಿ ಹೋದರು. ಒಬ್ಬ ಹುಡುಗಿ ಕಪ್ಪೆ ಕೊಯ್ಯುವುದನ್ನು ನೆನೆದೇ ಹೆದರಿಕೊಂಡಿದ್ದಳು, ಕೂಡಲೇ ಒಪ್ಪಿದಳು. ಅವಳ ಗೆಳತಿ ಅವಳನ್ನು ಬಿಟ್ಟಿರಲಾರದೆ ಒಪ್ಪಿದಳು. ಸಂಜೆಗೆ ಮನೆಗೆ ಬಂದಾಗ ಮಗಳ ದನಿ ಕೂತುಹೋಗಿತ್ತು. "ನಾಳೆನೂ ಹೋಗ್ತೀನಿ," ಅಂದಳು.

ಇವರು ರಜೆ ಹಾಕಿದರು. ಮಗಳು ಮಕ್ಕಳನ್ನು ಹಿಡಿದರೆ ಇವರು ಅಪ್ಪಂದಿರನ್ನು ಹಿಡಿದರು, ಪರೇಡಿನ ದನಿಯಲ್ಲಿ. "ಕ್ಲಾಸಿನಲ್ಲಿ ಹತ್ತೇ ಮಕ್ಕಳು. ಮಾಸ್ತರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಓದಿಸ್ತಾರೆ. ಎಲ್ಲಿ ಸಿಗುತ್ತೆ ಹೇಳಿ?" ಆ ಮಾಸ್ತರು ಯಾರೆಂದು ಇವರಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಹತ್ತು ಮಕ್ಕಳೂ ಉಪಪ್ರಾಂಶುಪಾಲರ ಮುಂದೆ ಸಾಲಾಗಿ ನಿಂತರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಭೂಗೋಳದ ಮಾಸ್ತರಿಗೆ ಹೇಳಿ ಕಳಿಸಿದರು. ಪಾಠವಿಲ್ಲದೆ ಎಷ್ಟೋ ವರ್ಷದಿಂದ ಆ ಮಾಸ್ತರು ಕಾಲೇಜಿನ ನೀರಿನ ಟ್ಯಾಂಕು, ಕ್ರೀಡಾದಿನದ ಮೈಕು ನೋಡಿಕೊಂಡಿದ್ದರಂತೆ. ಓಡಿ ಬಂದವರು ಸಾಲು ನೋಡಿ, "ದೂರು ತಂದಿದ್ದೀರಾ? ಟ್ಯಾಂಕು ನಿನ್ನೆಯೇ ತೊಳೆಸಿದ್ದೇನೆ," ಅಂದರು. ವಿಷಯ ತಿಳಿದ ಮೇಲೆ ಕುರ್ಚಿ ಎಳೆದು ಕೂತರು. ಆಮೇಲೆ ಎದ್ದು ನಿಂತು, ನನ್ನ ಮಗಳಿಗೆ ನಮಸ್ಕಾರ ಮಾಡಿದರು.

ಮೊದಲ ಪಾಠದ ದಿನ ಸಂಜೆ ನಾನು ಬಾಗಿಲಲ್ಲೇ ಕಾಯುತ್ತಿದ್ದೆ.

"ಹೆಂಗಿತ್ತು?"

"ಮಸ್ತ್ ಇತ್ತು ಮಮ್ಮಿ. ಸರ್ ಪುಸ್ತಕ ನೋಡಲಾರದ ಬೋರ್ಡಿನ ಮ್ಯಾಲೆ ಇಡೀ ಕರಾವಳಿ ತಗದ್ರು. ಅವರು ಬರೋದಷ್ಟ ತಡಾ ಆತು."

"ಯಾಕ?"

"ಕ್ಲಾಸ್ ಹೊಸ ಬಿಲ್ಡಿಂಗಿನಾಗ ಐತಿ. ಸರ್‌ಗೆ ದಾರಿ ಸಿಕ್ಕಿಲ್ಲ. ನಾವ ಹುಡುಕ್ಕೊಂಡು ಹೋದ್ವಿ. ಕೆಳಗ ಕಾಲೇಜಿನ ನಕ್ಷಾ ಹಾಕ್ಯಾರಲ್ಲ, ಅದರ ಮುಂದ ನಿಂತು ತಲಿ ಕೆರಕೋಳಾಕತ್ತಿದ್ರು."

"ನಕ್ಷಾ ತಪ್ಪಿರಬೇಕು, ಬಿಡು," ಅಂದರು ಒಳಗಿನಿಂದ ಇವರು. ಈಗ ಇವರು ಪೂರ್ತಿ ಭೂಗೋಳದ ಪಕ್ಷ.

"ಹಂಗ ಸರ್‌ಗೆ ಹೇಳಬ್ಯಾಡ್ರಿ ಪಪ್ಪಾ," ಅಂದಳು ಮಗಳು, ಚಪ್ಪಲಿ ಬಿಡುತ್ತ. "ಆ ನಕ್ಷಾ ಬರದವರು ಅವರೇ."