ರಾಚಪ್ಪನ ಕೈಗೆ ಕ್ಲಿಪ್ಪೋ ದಾರವೋ

ರಾಚಪ್ಪ: ದಾರ ಬ್ಯಾಡ ಅಂದ್ರ ಬ್ಯಾಡ. ಸೂಜಿ ಹೊಕ್ಕಲ್ಲೆಲ್ಲಾ ತೂತು ಬೀಳತೈತಿ. ಪೈಪಿಗೆ ಯಾರರ ಹೊಲಿಗಿ ಹಾಕ್ತಾರೇನು? ಕ್ಲ್ಯಾಂಪ್ ಹಾಕಿ ಬಿಗಿತಾರ.

ಶಂಕ್ರೆವ್ವ: ನೀವು ಕ್ಲ್ಯಾಂಪ್ ಹಾಕಿದ ಪೈಪು ನಮ್ಮ ಮೋರಟಗಿ ಊರ ತುಂಬಾ ಸೋರಾಕತ್ತಾವ. ನಾ ಹಳೀ ಸೀರಿ ಕೂಡಿಸಿ ಹೊಲಿದ ಕೌದಿ ಒಂದರ ಬಿಚ್ಚೈತೇನ್ರಿ?

ಸಿಂದಗಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಗಂಡಹೆಂಡಿರ ವಾದ ಏರಿತ್ತು. ಹೊಲಗಳಿಗೆ ಪೈಪ್‌ಲೈನ್ ಜೋಡಿಸುವ ರಾಚಪ್ಪನ ಮೂತ್ರಪಿಂಡಗಳು ಸಕ್ಕರೆ ಕಾಯಿಲೆಗೆ ಸೋತಿದ್ದವು. ಡಯಾಲಿಸಿಸ್ ಶುರುವಾಗುವ ಮೊದಲು ಅವನ ಎಡ ಮುಂಗೈಯ ಎರಡು ರಕ್ತನಾಳಗಳನ್ನು ಜೋಡಿಸಬೇಕಿತ್ತು. ಜೋಡಣೆ ಸಣ್ಣ ಕ್ಲಿಪ್ಪುಗಳಿಂದಲೂ ಆಗುತ್ತದೆ, ದಾರದಿಂದಲೂ ಆಗುತ್ತದೆ ಎಂದು ಡಾಕ್ಟರ್ ಫರಹತ ಹೇಳಿದ್ದೇ ತಪ್ಪಾಯಿತು. ಹೋದ ವಾರದ ಆಪರೇಷನ್ ಇದೇ ಜಗಳದಲ್ಲಿ ಮುಳುಗಿತ್ತು.

ಶಂಕ್ರೆವ್ವ ಓರೆಗಣ್ಣಲ್ಲಿ ನೋಡಿದಳು. ಗಂಡನ ಎಡಗೈ ಟಾವೆಲಿನಡಿ ಬೆಕ್ಕಿನ ಮರಿಯಂತೆ ಮುದುಡಿತ್ತು. ಇದು ಕ್ಲಿಪ್ಪಿನ ಹಟವಲ್ಲ, ಪುಕ್ಕಲುತನ ಎಂದು ಆಕೆಗೆ ಆಗಲೇ ತಿಳಿದಿತ್ತು.

ಫರಹತ: (ಬಾಗಿಲಲ್ಲಿ ನಿಂತು) ಕಾಕಾ, ಇವತ್ತರ ತೀರ್ಮಾನ ಆತೇನ್ರಿ? ಇನ್ನೂ ತಡ ಮಾಡಿದ್ರ ಕುತ್ತಿಗ್ಯಾಗ ನಳಿಗಿ ಇಡಬೇಕಾಗತೈತಿ.

ರಾಚಪ್ಪ: ನಾ ತಯಾರ ಅದೀನ್ರಿ. ಈಕಿನ ಒಪ್ಪವಲ್ಲಳು.

ಶಂಕ್ರೆವ್ವ: ಒಪ್ಪೀನ್ರಿ. ಕ್ಲಿಪ್ಪೇ ಹಾಕ್ರಿ.

ರಾಚಪ್ಪನ ಮೀಸೆ ಇಳಿಯಿತು.

ರಾಚಪ್ಪ: ಅಲ್ಲಾ... ಕ್ಲಿಪ್ಪಿಗೆ ತುಕ್ಕು ಹಿಡದ್ರ? ಕೌದಿ ಮಾತೂ ಸುಳ್ಳಲ್ಲ ಬಿಡ್ರಿ. ದಾರನ ಚಲೋ ಕಾಣತೈತಿ.

ಶಂಕ್ರೆವ್ವ: ಹಂಗಾರ ದಾರನ ಹಾಕ್ರಿ.

ಫರಹತ: ತುಕ್ಕು ಹಿಡಿಯೂದಿಲ್ರಿ ಕಾಕಾ. ಕ್ಲಿಪ್ಪಿಗೆ ಹೊತ್ತು ಕಡಿಮಿ, ದಾರಕ್ಕ ಒಂದೀಟು ಹೆಚ್ಚು, ಅಷ್ಟ. ರಕ್ತನಾಳ ಹೆಂಗ ಅದಾವ ನೋಡಿ ಯಾವುದು ಹೊಂದತೈತೋ ಅದನ್ನ ಹಾಕ್ತೇನಿ. ಇಬ್ಬರೂ ಎರಡಕ್ಕೂ ಒಪ್ಪೀರಿ. ಇನ್ನ ಒಳಗ ಬರ್ರಿ.

ಓಡಲು ಹಾದಿ ಉಳಿಯಲಿಲ್ಲ. ಟಾವೆಲಿನಡಿಯಿಂದ ಕೈ ಮೆಲ್ಲಗೆ ಹೊರಬಂದು ಶಂಕ್ರೆವ್ವನ ಸೆರಗಿನ ತುದಿ ಹಿಡಿಯಿತು. ಆಕೆ ಬಿಡಿಸಿಕೊಳ್ಳಲಿಲ್ಲ.

ರಾಚಪ್ಪ: ಏ, ಕೌದಿ ಮುಗಿಸೂ ಮುಂದ ಕಡೀ ಮೂಲ್ಯಾಗ ಏನೋ ಇಟ್ಟು ಹೊಲಿತಿಯಲ್ಲ?

ಶಂಕ್ರೆವ್ವ: ಒಂದು ಚಿಟಿಕಿ ಬೆಲ್ಲದ ಸಿಹಿ ಮಾದ್ಲಿ. ಕೌದಿ ಹೊಟ್ಟಿ ಹಸಿದಿರಬಾರ್ದು ಅಂತ.

ರಾಚಪ್ಪ: ಆ ಪದ್ಧತಿ ಡಾಕ್ಟರಿಗೂ ತಿಳಿಸು. ಕೈಯಾಗ ಇಡೂದು ಬ್ಯಾಡ, ಬಾಯಾಗ ಇಟ್ರ ಸಾಕು. ಚಿಟಿಕಿ ಅಲ್ಲ, ಒಂದು ಬಟ್ಟಲ.

ಶಂಕ್ರೆವ್ವ: ಡಾಕ್ಟರವ್ವಾರ, ಕೈಗೆ ದಾರನ ಹಾಕ್ರಿ. ಕ್ಲಿಪ್ಪು ಇವರ ಬಾಯಿಗೆ ಬೇಕಾಗೈತಿ.