ಬೂದಿ ಹಾಕಿ ತಿಕ್ಕಿದ ಕಪ್ಪು ಗಾಜು

ಬೂದಿ ಹಾಕಿ ತಿಕ್ಕಿದರೆ ಬೆಳಗದ ಗಾಜು ಈ ಭೂಮಿಯ ಮೇಲಿಲ್ಲ. ಕಂದೀಲಿನ ಗಾಜು, ಗೋಡೆಯ ಕನ್ನಡಿ, ನನ್ನ ಗಂಡನ ಕನ್ನಡಕ, ಎಲ್ಲವನ್ನೂ ತಿಕ್ಕಿದವಳು ನಾನು. ಕನ್ನಡಕ ತಿಕ್ಕಿದ ಮೇಲೆ ಗಂಡನಿಗೆ ಸರಿಯಾಗಿ ಕಾಣಲಿಲ್ಲ, ಅದು ಬೇರೆ ಮಾತು. ವಯಸ್ಸಾಗಿತ್ತು!

ನನ್ನ ಮೊಮ್ಮಗಳು ಗೀತಾ ಡ್ರೋನ್ ತಂದಿದ್ದಳು. ಹಾರುವ ಹುಳದಂಥ ಯಂತ್ರ, ಮುಂದೆ ಕ್ಯಾಮೆರಾದ ಒಂದೇ ಕಣ್ಣು. ಅವಳಿಗೆ ಮೊದಲ ಕೆಲಸ ಕೊಟ್ಟವರು ಗಜೇಂದ್ರಗಡದ ಸೀರೆ ವ್ಯಾಪಾರಿ ಇಮಾಮಸಾಬರು. ಗುಡ್ಡದ ಬಂಡೆಗಳ ಮೇಲೆ ಕೈಮಗ್ಗದ ಸೀರೆ ಹರವುವುದು, ಮೇಲಿನಿಂದ ವಿಡಿಯೋ ತೆಗೆಯುವುದು. ಚೆನ್ನಾಗಿ ಬಂದರೆ ಮುಂದಿನ ಕೆಲಸವೆಲ್ಲ ಗೀತಾಳಿಗೆ. ಕೆಟ್ಟರೆ ಗದಗಿನಿಂದ ಬೇರೆಯವರು ಬರುತ್ತಾರೆ. ಆ ಸೀರೆಗಳಲ್ಲಿ ಹನ್ನೊಂದು ನಾನೇ ನೇಯ್ದವು. ಅಂದಮೇಲೆ ನಾನು ಸುಮ್ಮನೆ ಕೂರುವುದು ಹೇಗೆ?

ಹಿಂದಿನ ದಿನ ಅವಳ ಚೀಲ ಝಾಡಿಸಲು ಕುಳಿತೆ. ಯಾರೂ ಕರೆದಿರಲಿಲ್ಲ. ನನ್ನನ್ನು ಯಾವುದಕ್ಕೂ ಯಾರೂ ಕರೆಯುವುದಿಲ್ಲ, ನಾನೇ ಹೋಗುತ್ತೇನೆ. ಚೀಲದಲ್ಲೊಂದು ಡಬ್ಬಿ. ಡಬ್ಬಿಯಲ್ಲಿ ಸಾಲಾಗಿ ನಾಲ್ಕು ಪುಟ್ಟ ಮನೆ, ಒಂದೊಂದರಲ್ಲೂ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ಗಾಜು. ನಾಲ್ಕಕ್ಕೂ ಮಸಿ! ಮೊದಲನೆಯದಕ್ಕೆ ಸ್ವಲ್ಪ, ಕೊನೆಯದಕ್ಕೆ ಹಂಚಿನ ತಳದಷ್ಟು.

ನೀರೊಲೆಯ ಬೂದಿ ತಂದು ತೋಳು ನೋಯುವ ತನಕ ತಿಕ್ಕಿದೆ. ಮಸಿ ಹೋಗಲಿಲ್ಲ. ಅಂಚಿನಲ್ಲಿ ಬಿಳಿಯದೇನೋ ಅಂಟಿತ್ತು, ಅದು ಮಾತ್ರ ಹೋಯಿತು. ಅಷ್ಟಾದರೂ ಆಯಿತಲ್ಲ ಎಂದು ಕೈಗೆ ಬಂದದ್ದನ್ನು ಬಂದ ಹಾಗೆ ಡಬ್ಬಿಗೆ ಹಾಕಿಟ್ಟೆ.

ಮರುದಿನ ಸುಡುವ ಮಧ್ಯಾಹ್ನ. ಗೀತಾ ಅಭ್ಯಾಸದಂತೆ ಡಬ್ಬಿಯ ಮೂರನೇ ಮನೆಯ ಗಾಜನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಡ್ರೋನ್ ಹಾರಿಸಿದಳು. ಇಳಿಸಿದ ಮೇಲೆ ಇಮಾಮಸಾಬರು ಛತ್ರಿಯ ನೆರಳಿನಲ್ಲಿ ಫೋನು ನೋಡಿದರು.

"ಗೀತವ್ವ, ಕೆಂಪು ಸೀರಿ ಎಲ್ಲಿ ಹೋದ್ವು?"

"ಇಲ್ಲೇ ಮುಂದ ಅದಾವಲ್ರಿ ಕಾಕಾರ."

"ಮುಂದ ಅದಾವ. ಫೋನಿನ್ಯಾಗ ಬರೇ ಬಿಳೇ ಧೋತರ ಒಣಗಾಕತ್ತಾವ! ಇಮಾಮಸಾಬನ ಸೀರಿ ಬಣ್ಣ ಬಿಡ್ತಾವ ಅಂತ ರೋಣದ ತನಕ ಡಂಗುರಾ ಹೊಡೀತೀಯೇನ?"

ಗೀತಾ ಏನೋ ಒತ್ತಿ, ಶಟರಿನ, ಅಂದರೆ ಕ್ಯಾಮೆರಾದ ಕಣ್ಣಿನ ರೆಪ್ಪೆಯ, ವೇಗ ಏರಿಸಿ ಮತ್ತೆ ಹಾರಿಸಿದಳು. ಬಣ್ಣ ಬಂತು. ಆದರೆ ಗಾಳಿಗೆ ಏಳುವ ಸೆರಗುಗಳು ಮಿಡತೆಯ ಹಾಗೆ ಪುಟಿದವು.

"ಸೀರಿಗೆ ಚಳಿಜ್ವರ ಬಂದೈತೇನವಾ?" ಎಂದರು ಇಮಾಮಸಾಬರು.

"ಶಟರ್ ಐವತ್ತಕ್ಕ ಇಟ್ರ ಸೆರಗು ಮೆತ್ತಗ ಹಾರತಾವ್ರಿ. ಆದ್ರ ಅಷ್ಟು ಸಾವಕಾಶ ತೆರದ್ರ ಬಿಸಲ ಭಾಳ ಒಳಗ ಬರತೈತಿ. ಅದಕ್ಕ ಕಣ್ಣಿಗೆ ಕಪ್ಪು ಗಾಜು ಹಾಕೂದು. ಹದಿನಾರನೇ ನಂಬರಿಂದು ಹಾಕೀನಿ, ಆದ್ರೂ..." ಎನ್ನುತ್ತ ಗಾಜು ಬಿಚ್ಚಿ ನೋಡಿದಳು. ಅಂಚಿನಲ್ಲಿದ್ದ ಬಿಳಿ ನಂಬರೇ ಇರಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಆಯಿ, ಇದನ್ನ ಮುಟ್ಟಿದ್ದೇನ?"

"ಮುಟ್ಟಿಲ್ಲ. ತಿಕ್ಕೀನಿ."

"ಬೂದಿ ಹಾಕಿ?"

"ಮತ್ತ ಬೆಲ್ಲಾ ಹಾಕಿ ತಿಕ್ತಾರೇನ? ಬೇಕಂತನ ಕಪ್ಪು ಮಾಡಿದ ಗಾಜು ತಂದ ನೀ ಶ್ಯಾಣ್ಯಾಕಿ, ತೊಳದಿಟ್ಟ ನಾ ದಡ್ಡಿ?"

ಒಂದೇ ಬ್ಯಾಟರಿ ಉಳಿದಿತ್ತು. ಗೀತಾಳ ಕಣ್ಣು ತುಂಬಿದವು. ನನಗೆ ಸಿಟ್ಟು ಬಂತು. ಅತ್ತರೆ ನಂಬರ್ ಮೂಡುತ್ತದೆಯೇ? ಡಬ್ಬಿ ಕಸಿದುಕೊಂಡು ನಾಲ್ಕೂ ಗಾಜನ್ನು ನನ್ನ ಕೆಂಪು ಸೀರೆಯ ಮೇಲೆ ಒಂದೊಂದಾಗಿ ಹಿಡಿದು ನೋಡಿದೆ. ನೂಲಿನ ರಾಶಿಯಲ್ಲಿ ಒಂದು ಕೆಂಪಿನಿಂದ ಇನ್ನೊಂದು ಕೆಂಪನ್ನು ಬೇರೆ ಮಾಡುವ ಕಣ್ಣು ನನ್ನದು. ತಿಳಿಗಪ್ಪು ಮೊದಲು, ಕಡುಗಪ್ಪು ಕೊನೆಗೆ, ಸಾಲಾಗಿ ಇಟ್ಟೆ.

"ನಿನ್ನ ಮೂರನೇದು ಇದು. ತಗೋ! ಯಂತ್ರಾ ಹಾರಸು!"

ಹಾರಿಸಿದಳು. ಕೆಂಪು ಕೆಂಪಾಗಿಯೇ ಬಂತು, ಸೆರಗು ಮೆತ್ತಗೆ ಹಾರಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಎಲ್ಲಾ ಚಲೋ ಐತಿ," ಇಮಾಮಸಾಬರು ಕಣ್ಣು ಕಿರಿದು ಮಾಡಿದರು, "ಆದ್ರ ಈ ಮಂಜು ಎಲ್ಲಿಂದ ಬಂತು?"

ಗೀತಾಳಿಗೂ ಗೊತ್ತು, ನನಗೂ ಗೊತ್ತು. ಗಾಜಿನ ಮೇಲೆ ಬೂದಿ ಎಳೆದ ಗೀರುಗಳು.

"ನಮ್ಮ ಗುಡ್ಡದಾಗ ಮಧ್ಯಾಹ್ನ ಮಂಜು ಬೀಳತೈತ್ರಿ," ಎಂದೆ.

"ನಾ ಹುಟ್ಟಿ ಬೆಳದಿದ್ದು ಇಲ್ಲೇ, ನೀಲವ್ವಾರ. ಒಂದ ದಿನಾನೂ ನೋಡಿಲ್ಲಲ್ರಿ!"

"ಹ್ಯಾಂಗ ನೋಡ್ತೀರಿ? ಮಧ್ಯಾಹ್ನ ಅಂಗಡ್ಯಾಗ ನಿದ್ದಿ ಹೊಡೀತಿರ್ತೀರಿ!"

ಅವರು ಬಿದ್ದು ಬಿದ್ದು ನಕ್ಕರು. ಮುಂದಿನ ಕೆಲಸವೂ ಗೀತಾಳಿಗೇ ಸಿಕ್ಕಿತು. ಷರತ್ತು ಎರಡು: ಗಾಜು ಹೊಸದಿರಬೇಕು, ಆಯಿ ಮನೆಯಲ್ಲಿರಬೇಕು.

ಹೊಸ ಗಾಜಿನ ಡಬ್ಬಿಯನ್ನು ಗೀತಾ ಬಚ್ಚಿಟ್ಟಳು. ಹಿಟ್ಟಿನ ಡಬ್ಬಿ, ಹಾಸಿಗೆಯ ಅಡಿ, ಮಗ್ಗದ ಕುಣಿ, ಎಲ್ಲ ಕಡೆ ಹುಡುಕಿದೆ. ಸಿಗಲಿಲ್ಲ. ಕೊನೆಗೆ, ಇದನ್ನು ಬರೆಯುವಾಗ ಒಂದು ಅಕ್ಷರ ಮರೆತುಹೋಗಿ, ವಯಸ್ಕರ ಶಾಲೆಯಲ್ಲಿ ಕೊಟ್ಟ ಪುಸ್ತಕವನ್ನು ಗೂಡಿನಿಂದ ಎಳೆದೆ. ಅದರ ಹಿಂದೆಯೇ ಕುಳಿತಿತ್ತು ಡಬ್ಬಿ! ಹತ್ತು ವರ್ಷದಿಂದ ಈ ಮನೆಯಲ್ಲಿ ನಾನು ಧೂಳು ಕೂಡ ಒರೆಸದ ವಸ್ತು ಆ ಪುಸ್ತಕ ಒಂದೇ.